ಲ್ಯಾಮಿನೇಟ್ ಆದ ಒಂಬತ್ತನೇ ಪುಟ

ನಾನು ಏನು ಕಲಿಸುತ್ತೇನೆಂದು ಹೇಳಿದ ಕೂಡಲೇ ಜನ ಕೇಳುವ ಮೊದಲ ಪ್ರಶ್ನೆ: "ನಿಮ್ಮ ಮನೆಯಲ್ಲಿ ಯಾರಿಗೆ?" ಅಂಗವೈಕಲ್ಯದ ಕಾನೂನು, ಅದರ ಸರಿ-ತಪ್ಪು, ಸರ್ಕಾರದ ಧೋರಣೆ, ಇಷ್ಟನ್ನೇ ಒಬ್ಬ ಹೆಂಗಸು ಇಪ್ಪತ್ತು ಚಿಲ್ಲರೆ ವರ್ಷ ಓದುತ್ತ ಕೂತಿದ್ದಾಳೆಂದರೆ ಮನೆಯಲ್ಲಿ ಒಂದು ಗಾಲಿಕುರ್ಚಿ ಇರಲೇಬೇಕು ಎಂಬುದು ಅವರ ಲೆಕ್ಕ. ಯಾರಿಗೂ ಏನೂ ಇಲ್ಲ ಎಂದರೆ ಕೇಳಿದವರ ಮುಖ ಸಪ್ಪಗಾಗುತ್ತದೆ. ಒಂದು ಮದುವೆಯ ಪಂಕ್ತಿಯಲ್ಲಿ ಪಕ್ಕ ಕೂತಿದ್ದ ಹಿರಿಯರೊಬ್ಬರ ನಿರಾಸೆ ನೋಡಲಾರದೆ "ನನಗೇ ಸ್ವಲ್ಪ ಬೆನ್ನುನೋವು" ಎಂದುಬಿಟ್ಟೆ. ಅವರಿಗೆ ಸಮಾಧಾನವಾಗಿ ಹೋಳಿಗೆ ತಿಂದರು.

ನಿಜವಾದ ಕಾರಣ ಹೇಳಿದರೆ ಯಾರೂ ನಂಬುವುದಿಲ್ಲ. ಕಾನೂನು ಪದವಿ ಮುಗಿಸಿ, ಮುಂಬಯಿಯ ಬೈಕುಲ್ಲಾದಲ್ಲಿ, ಸಾಲುಕೋಣೆಗಳ ನಮ್ಮ ಚಾಳಿನ ಗ್ಯಾಲರಿಯಲ್ಲಿ ನಿಂತು ಕೆಲಸಕ್ಕಾಗಿ ಕಾಯುತ್ತಿದ್ದ ದಿನಗಳು. ಪ್ರಾಧ್ಯಾಪಕರೊಬ್ಬರಿಗೆ ಲೋಕಲ್ ಸ್ಟೇಷನ್ನುಗಳಲ್ಲಿ ಟೇಪು ಹಿಡಿದು ಅಳೆಯುವವರು ಬೇಕಾಗಿದ್ದರು: ಪ್ಲಾಟ್‌ಫಾರ್ಮಿಗೂ ರೈಲು ಡಬ್ಬಿಯ ಬಾಗಿಲಿಗೂ ನಡುವಿನ ಸಂದು ಎಷ್ಟು, ಸೇತುವೆಗೆ ಮೆಟ್ಟಿಲು ಎಷ್ಟು. ಹೋದೆ, ಅಳೆದೆ. ಒಂದು ಸ್ಟೇಷನ್ನಿನಲ್ಲಿ ಸಂದು ಗೇಣುದ್ದ, ಮುಂದಿನದರಲ್ಲಿ ಗೇಣಿನ ಮೇಲೆ ನಾಲ್ಕು ಬೆರಳು. ಹೀಗಿರಲಿ ಎಂದು ಯಾರು ನಿರ್ಧರಿಸಿದರು ಎಂದು ಒಬ್ಬರನ್ನು ಕೇಳಿದೆ. ಅವರು ಇನ್ನೊಬ್ಬರನ್ನು ತೋರಿಸಿದರು, ಅವರು ಮತ್ತೊಬ್ಬರನ್ನು. ಆ "ಯಾರು" ಎಂಬ ಹುಳ ಅಂದು ತಲೆ ಹೊಕ್ಕಿದ್ದು ಇನ್ನೂ ಹೊರಬಿದ್ದಿಲ್ಲ. ಧಾರವಾಡದಿಂದ ಮದುವೆಯಾಗಿ ಮುಂಬಯಿಗೆ ಬಂದಿದ್ದ ಅವ್ವ, "ವಕೀಲಿ ಓದಿ ರೈಲ್ವೆ ಸಂದಿ ಅಳೀಲಿಕ್ಕೆ ಹೊಂಟಾಳ ನೋಡ್ರಿ ನಮ್ಮಕಿ," ಎಂದು ಗ್ಯಾಲರಿಯ ಆ ತುದಿಗೆ ಕೇಳುವಂತೆ ಸಾರುತ್ತಿದ್ದಳು.

ಸಂದಿಯಿಂದ ಶುರುವಾದದ್ದು ಪಿಎಚ್.ಡಿ.ಯಾಯಿತು, ನೌಕರಿಯಾಯಿತು, ಪವಾಯಿಯಲ್ಲಿ ಬಾಡಿಗೆಯ ಫ್ಲಾಟೂ ಆಯಿತು. ಒಂದರ ಹಿಂದೊಂದು ಸಮಿತಿಗಳಲ್ಲಿ ಕೂತೆ. ಸಮಿತಿಗಳು ಬಹಳ ಹೊತ್ತು ಚರ್ಚಿಸುವುದು ಹೆಸರನ್ನು. ಅಂಗವಿಕಲರು ಎನ್ನಬೇಕೋ, ವಿಕಲಚೇತನರೋ, ದಿವ್ಯಾಂಗರೋ? ನನ್ನ ಕಾಲದಲ್ಲೇ ಇಲಾಖೆಯ ಬೋರ್ಡಿನ ಮೇಲಿನ ಹೆಸರು ಹಲವು ಸಲ ಬದಲಾಯಿತು. ಬೋರ್ಡಿನ ಕೆಳಗಿನ ಮೆಟ್ಟಿಲು ಅಲ್ಲೇ ಇದೆ. ನಾವು ಬರೆದ ವರದಿಗಳಿಗೆ ಒಳ್ಳೆಯ ರಟ್ಟು ಹಾಕಿ, ಯಾರಾದರೂ ದೊಡ್ಡವರ ಕೈಯಲ್ಲಿ ಬಿಡುಗಡೆ ಮಾಡಿಸಿ, ಆಮೇಲೆ ಕಪಾಟಿಗೆ ಸೇರಿಸುತ್ತಾರೆ. ಇದರ ಬಗ್ಗೆ ಭಾಷಣಗಳಲ್ಲಿ ನಾನು ಕೆಂಡ ಕಾರುತ್ತೇನೆ. ಒಳಗೊಳಗೆ ಒಂದು ನೆಮ್ಮದಿಯೂ ಇತ್ತೆಂದು ಈಗ ಒಪ್ಪಿಕೊಳ್ಳಬೇಕು. ಜಾರಿಯಾಗದ ಶಿಫಾರಸು ಯಾರನ್ನೂ ಸುಡುವುದಿಲ್ಲ.

ನಾನು ಹುಟ್ಟಾ ಚಿಂತೆಯ ಗಿರಾಕಿ. ಮನೆಯಿಂದ ಹೊರಟು ಆಟೋ ಹತ್ತಿದ ಮೇಲೆ ಗ್ಯಾಸ್ ಆಫ್ ಮಾಡಿದೆನೇ ಎಂದು ಎಲ್ಲರಿಗೂ ಅನ್ನಿಸುತ್ತದೆ. ನನಗೆ ಪಕ್ಕದ ಮನೆಯವರು ಆಫ್ ಮಾಡಿದರೇ ಎಂದೂ ಅನ್ನಿಸುತ್ತದೆ. ಹಾಗಾಗಿ ನಾನು ಬರೆಯುವ ಪ್ರತಿ ವರದಿಯಲ್ಲೂ ಕೊನೆಗೊಂದು "ಮುನ್ನೆಚ್ಚರಿಕೆಗಳು" ಇರುತ್ತದೆ. "ದೇವರು ನಿನಗ ಬಾಯಿ ಕೊಟ್ಟಾನ, ಅದರ ತುಂಬ ಬರೇ 'ಆದರ' ತುಂಬ್ಯಾನ," ಎಂದು ಅವ್ವ ನನ್ನ ಮಾತುಮಾತಿಗೂ ಬರುವ 'ಆದರೆ'ಗೆ ಹೇಳಿದ್ದಳು. ಆ ಮುನ್ನೆಚ್ಚರಿಕೆಗಳನ್ನು ಅಕ್ಷರಶಃ ಪಾಲಿಸುವವರು ಒಬ್ಬರಾದರೂ ಸಿಗುತ್ತಾರೆಂದು ನಾನು ಎಣಿಸಿರಲಿಲ್ಲ. ಗ್ರಾಂಟ್ ರೋಡಿನಲ್ಲಿ ಸಿಕ್ಕರು.

ಕೋರ್ಟು-ಕಚೇರಿಯ ಕಡೆ ಕೆಲಸವಿದ್ದ ದಿನ ನಾನು ಗ್ರಾಂಟ್ ರೋಡಿನ ಒಂದು ಉಡುಪಿ ಹೋಟೆಲಿಗೆ ಹೋಗುತ್ತೇನೆ. ಸುಮಾರು ಹತ್ತು ವರ್ಷದ ಅಭ್ಯಾಸ. ಅಲ್ಲಿ ದೋಸೆಯ ತವಾ ಒಳಗಿನ ಅಡುಗೆಮನೆಯಲ್ಲಿಲ್ಲ, ಗಿರಾಕಿಗಳು ಕೂರುವ ಹಾಲಿಗೆ ಎದುರಾಗಿ ಗಾಜಿನ ಹಿಂದೆ ಇದೆ. ದೋಸೆ ಮಾಸ್ಟರ್ ಐವತ್ತು ದಾಟಿದ ಎತ್ತರದ ಆಳು. ಮೊದಮೊದಲು ಹೋದಾಗ ಬಾಗಿಲಿನಿಂದಲೇ "ನಮಸ್ಕಾರ ಮಾಸ್ಟರ್" ಎನ್ನುತ್ತಿದ್ದೆ. ಅವರು ತಿರುಗಿಯೂ ನೋಡುತ್ತಿರಲಿಲ್ಲ. ಕೆಲವೊಮ್ಮೆ ನೋಡಿದರೆ ನನ್ನ ಮುಖವನ್ನು ಅಳತೆ ತೆಗೆದುಕೊಳ್ಳುವಂತೆ ದಿಟ್ಟಿಸಿ ಮತ್ತೆ ಹಿಟ್ಟು ಹುಯ್ಯುತ್ತಿದ್ದರು. ಕೈಯಲ್ಲಿ ಕಲೆ ಇರುವವರಿಗೆ ಸ್ವಲ್ಪ ಗರ್ವ ಇರುತ್ತದೆ ಬಿಡು ಎಂದುಕೊಂಡು ಸುಮ್ಮನಾದೆ. ದೋಸೆ ಅಂಥದ್ದಿತ್ತು.

ಅದೇ ಹೋಟೆಲಿನ ಧಣಿ ಒಂದು ದಿನ ಗಲ್ಲಾದಿಂದ ಎದ್ದು ಬಂದು, ಕನ್ನಡದ ಹೋಟೆಲ್ ಮಾಲಕರೆಲ್ಲ ಸೇರುವ ಒಂದು ಸಭೆಯಲ್ಲಿ ಕೆಲಸಗಾರರ ಕಾನೂನಿನ ಬಗ್ಗೆ ಮಾತಾಡಬೇಕೆಂದು ಕೇಳಿದರು. ನನಗೆ ಖುಷಿಯಾಯಿತು. ಇಂಗ್ಲಿಷಿನಲ್ಲಿ ಬರೆದಿದ್ದ ಒಂದು ಕೈಪಿಡಿಯನ್ನು ಕನ್ನಡದಲ್ಲಿ ಹತ್ತು ಪುಟಕ್ಕೆ ಇಳಿಸಿದೆ. ಒಂಬತ್ತನೇ ಪುಟವನ್ನು, ಅಂದರೆ ಮುನ್ನೆಚ್ಚರಿಕೆಗಳನ್ನು, ಕಾಂಜೂರ್‌ಮಾರ್ಗದಿಂದ ದಾದರಿಗೆ ಬರುವ ಲೋಕಲಿನಲ್ಲಿ ಕೂತು ಬರೆದೆ. ಕಿಟಕಿಯ ಪಕ್ಕ ಸೀಟು ಸಿಕ್ಕಿತ್ತು, ತಲೆ ಚುರುಕಾಗಿತ್ತು. ಬೆಂಕಿಯ ಬಳಿ ಕೆಲಸ ಮಾಡುವ ಕಿವುಡ ಕೆಲಸಗಾರರಿಗೆ ನಾಲ್ಕು ಅಂಶ ಹಾಕಿದೆ. ಒಂದು, ತವಾದ ಸುತ್ತ ಸರಳು. ಎರಡು, ಗಂಟೆಯ ಬದಲು ದೀಪ. ಮೂರು, ಹಿಂದೆ ನಿಂತು ಭುಜ ಮುಟ್ಟಿ ಸೂಚನೆ ಕೊಡಲು ಒಬ್ಬ ಸಹಾಯಕ. ನಾಲ್ಕು, ಅಪಾಯ ಕಂಡುಬಂದಲ್ಲಿ ಪರ್ಯಾಯ ಕೆಲಸ.

ಸಭೆ ಚೆನ್ನಾಗಿಯೇ ನಡೆಯಿತು. ಕೊನೆಗೆ ನಮ್ಮ ಧಣಿ ಎದ್ದು ನಿಂತರು.

"ಮೇಡಂ, ನಮ್ಮಲ್ಲಿ ದೋಸೆ ಹಾಕುವವನಿಗೆ ಕಿವಿ ಕೇಳುದಿಲ್ಲ, ಮಾತೂ ಇಲ್ಲ. ನಮ್ಮ ಅಪ್ಪನ ಕಾಲದಿಂದ ಉಂಟು ಅವ. ಇಷ್ಟು ವರ್ಷ ತವಾದಲ್ಲೇ ನಿಲ್ಲಿಸಿದ್ದೇವೆ. ಅದು ತಪ್ಪಾ?"

ಹತ್ತು ವರ್ಷ ಆ ಮನುಷ್ಯ ಹಾಕಿದ ದೋಸೆ ತಿಂದಿದ್ದೇನೆ. ಅವರ ಗಾಜಿನ ಎದುರಿನ ಮೇಜಿನಲ್ಲೇ ಕೂತು ಶ್ರವಣದೋಷವುಳ್ಳವರ ಉದ್ಯೋಗದ ಹಕ್ಕಿನ ಬಗ್ಗೆ ಒಂದು ಲೇಖನ ತಿದ್ದಿದ್ದೇನೆ. ಅವರು ಕಿವುಡರೆಂದು ಗೊತ್ತಾಗಲಿಲ್ಲ. ಗರ್ವಿ ಎಂದು ತೀರ್ಮಾನಿಸಿದ್ದೆ. ಆ ಮುಜುಗರದಲ್ಲಿ ನಾನು ಕೇಳಬೇಕಾಗಿದ್ದ ಪ್ರಶ್ನೆ, ಅವರು ಅಲ್ಲಿ ಹೇಗೆ ಕೆಲಸ ಮಾಡುತ್ತಾರೆ ಎಂಬುದು, ಹೊಳೆಯಲೇ ಇಲ್ಲ. "ಖಂಡಿತ ತಪ್ಪಲ್ಲ," ಎಂದೆ. ಅಲ್ಲಿಗೆ ನಿಲ್ಲಿಸಬಹುದಿತ್ತು. "ಆದರೆ ಒಂಬತ್ತನೇ ಪುಟ ಒಮ್ಮೆ ನೋಡಿ," ಎಂದೂ ಹೇಳಿದೆ.

ಎರಡು ತಿಂಗಳ ನಂತರ ಒಂದು ಮಧ್ಯಾಹ್ನ ಆ ಹೋಟೆಲಿಗೆ ಹೋದೆ. ಸಾದಾ ದೋಸೆ ಬಂತು. ನಡುವೆ ದಪ್ಪ, ಅಂಚಿನಲ್ಲಿ ಕರಕಲು. ಗಾಜಿನ ಹಿಂದೆ ಬೇರೊಬ್ಬ ನಿಂತಿದ್ದ. ವೇಟರುಗಳು ಹಾಲಿನ ನಾಲ್ಕೂ ಮೂಲೆಯಿಂದ ಕೂಗುತ್ತಿದ್ದರು, ಒಬ್ಬ ತುಳುವಿನಲ್ಲಿ, ಒಬ್ಬ ಹಿಂದಿಯಲ್ಲಿ. ಈ ಹೋಟೆಲಿನಲ್ಲಿ ಇಂಥ ಗದ್ದಲ ನಾನು ಕೇಳಿರಲಿಲ್ಲ. ಅಥವಾ ಇಷ್ಟು ವರ್ಷ ಗದ್ದಲ ಯಾಕಿರಲಿಲ್ಲ ಎಂದು ಕೇಳಿಕೊಂಡಿರಲಿಲ್ಲ.

ನೀರಿಟ್ಟ ವೇಟರನನ್ನು ಮಾಸ್ಟರ್ ಎಲ್ಲಿ ಎಂದು ಕೇಳಿದೆ.

"ಅಂದರ್ ಹೈ ಮೇಡಂ. ಪ್ಯಾಜ್ ಕಾಟ್ ರಹಾ ಹೈ," ಎಂದ ಅವನು. ಒಳಗೆ ಈರುಳ್ಳಿ ಹೆಚ್ಚುತ್ತಿದ್ದಾರೆ. ಯಾಕೆ ಎಂದದ್ದಕ್ಕೆ ಗಲ್ಲಾದ ಹಿಂದಿನ ಗೋಡೆ ತೋರಿಸಿದ. ಆರೋಗ್ಯ ಇಲಾಖೆಯ ಸರ್ಟಿಫಿಕೇಟ್, ಅಗ್ನಿಶಾಮಕದ ಕಾಗದ, ಇವುಗಳ ನಡುವೆ ಲ್ಯಾಮಿನೇಟ್ ಆಗಿ ಹೊಳೆಯುತ್ತ ನೇತಾಡುತ್ತಿತ್ತು ನನ್ನ ಒಂಬತ್ತನೇ ಪುಟ.

ನಮ್ಮ ಹೋಟೆಲಿನವರ ಪದ್ಧತಿ ಇದು. ಸೀಲು, ಸಹಿ, ಕಾನೂನು ಎಂಬ ಮೂರರಲ್ಲಿ ಒಂದಿದ್ದರೂ ಆ ಕಾಗದ ಲ್ಯಾಮಿನೇಟ್ ಆಗಿ ಗೋಡೆಗೇರುತ್ತದೆ. ಗೋಡೆಗೇರಿದ ಮೇಲೆ ಅದರಂತೆ ನಡೆಯಲೇಬೇಕು. ಸರ್ಕಾರ ಯಾವತ್ತೂ ಹೀಗೆ ಮಾಡಲಿಲ್ಲ.

ಧಣಿ ನನ್ನ ಮೇಜಿಗೆ ಬಂದು ಕೂತರು. ನಡೆದದ್ದನ್ನು ಅವರೇ ಹೇಳಿದರು. ಸರಳು ಹಾಕಿದರೆ ಸಟ್ಟುಗ ಆಡುವುದಿಲ್ಲ, ದೀಪಕ್ಕೆ ಎಲೆಕ್ಟ್ರಿಷಿಯನ್ ಬರಲಿಲ್ಲ. ಕೂಡಲೇ ಆಗುವಂಥದ್ದು ಮೂರನೇ ಅಂಶ. ಒಬ್ಬ ಕೆಲಸದವನನ್ನು ಮಾಸ್ಟರರ ಹಿಂದೆ ನಿಲ್ಲಿಸಿದರು. ಆರ್ಡರು ಬಂದ ಹಾಗೆಲ್ಲ ಅವನು ಭುಜ ತಟ್ಟಬೇಕು. ಮೊದಲ ಭಾನುವಾರವೇ, ಮಾಸ್ಟರ್ ಬಗ್ಗಿ ತವಾ ಒರೆಸುತ್ತಿದ್ದಾಗ ಅವನು ತಟ್ಟಿದ. ಮಾಸ್ಟರ್ ಬೆಚ್ಚಿದರು. ಮಣಿಕಟ್ಟು ತವಾಕ್ಕೆ ಹತ್ತಿತು.

"ಮತ್ತೆ ನಾನು ನಾಲ್ಕನೇ ಪಾಯಿಂಟ್ ಓದಿದೆ," ಎಂದರು ಧಣಿ. "ಅಪಾಯ ಕಂಡುಬಂದಲ್ಲಿ ಪರ್ಯಾಯ ಕೆಲಸ. ನೀವೇ ಬರ್ದದ್ದಲ್ವಾ ಮಾರಾಯ್ರೆ?"

ನಾನೇ ಬರೆದದ್ದು. ಇಷ್ಟು ವರ್ಷಗಳ ವೃತ್ತಿಯಲ್ಲಿ ನನ್ನ ಶಿಫಾರಸುಗಳಲ್ಲಿ ತಪ್ಪದೆ, ಕ್ರಮಸಂಖ್ಯೆಯ ಪ್ರಕಾರ ಜಾರಿಯಾದದ್ದು ಇದೊಂದೇ. ಒಂದು ಅಂಶ ಕೈ ಸುಟ್ಟಿತು, ಇನ್ನೊಂದು ಅಂಶ ಆ ಕೈಯ ಕೆಲಸ ಕಿತ್ತುಕೊಂಡಿತು.

"ನನಗೂ ಬೇಜಾರೇ," ಎಂದರು ಧಣಿ, ದನಿ ತಗ್ಗಿಸಿ. "ಎರಡು ವಾರ ಆಯ್ತು, ಅವ ನನ್ನ ಮುಖ ನೋಡುದಿಲ್ಲ. ಅವ ಮುಖ ನೋಡದಿದ್ರೆ ನಾನು ಮಾತಾಡುದು ಹೇಗೆ ಹೇಳಿ? ಈ ತಿಂಗಳು ಮುಗಿದ ಮೇಲೆ ಊರಿಗೆ ಹೋಗ್ತೇನೆ, ಬರುದಿಲ್ಲ ಅಂತ ಬರ್ದು ಕೊಟ್ಟಿದ್ದಾನೆ."

ತಿಂಗಳು ಮುಗಿಯಲು ಆರು ದಿನ ಉಳಿದಿತ್ತು.

ಒಳಗೆ ಹೋದೆ. ಪಾತ್ರೆ ತೊಳೆಯುವ ಜಾಗದ ಆಚೆ, ಗೋಡೆಗೆ ಮುಖ ಮಾಡಿ ಮಾಸ್ಟರ್ ಕೂತಿದ್ದರು. ಹಿಂದಿನಿಂದ ಭುಜ ಮುಟ್ಟಲು ಕೈ ಎತ್ತಿದ್ದೆ, ದೇವರ ದಯೆ, ಅರ್ಧದಲ್ಲಿ ನೆನಪಾಗಿ ಇಳಿಸಿದೆ. ಅವರ ಎದುರಿಗೆ ಹೋಗಲು ಜಾಗವೇ ಇರಲಿಲ್ಲ. ಅವರಾಗಿ ತಿರುಗುವವರೆಗೆ ಬಾಗಿಲಲ್ಲಿ ನಿಂತೆ. ತಿರುಗಿದಾಗ, ಆರು ತಿಂಗಳ ತರಗತಿಯಲ್ಲಿ ಕಲಿತ ಸಂಜ್ಞಾಭಾಷೆಯಲ್ಲಿ ನಮಸ್ಕರಿಸಿ ಪರಿಚಯ ಹೇಳಿಕೊಂಡೆ. ಮಕ್ಕಳು ಪದ್ಯ ಒಪ್ಪಿಸುವುದನ್ನು ನೋಡುವ ಇನ್ಸ್‌ಪೆಕ್ಟರರ ಹಾಗೆ ಅವರು ನನ್ನ ಬೆರಳುಗಳನ್ನು ಕೊನೆಯತನಕ ನೋಡಿದರು. ಆಮೇಲೆ ಕೈ ಒರೆಸಿಕೊಂಡು ಹಳೆಯ ಬಿಲ್ ಪುಸ್ತಕವೊಂದನ್ನು ತೆಗೆದರು. ಕಿವುಡ ಮಕ್ಕಳ ಶಾಲೆಯಲ್ಲಿ ಕಲಿತ ಅಕ್ಷರ, ದುಂಡಗಿತ್ತು.

"ಆ ಪುಟ ಬರೆದವರು ನೀವಾ?"

ತಲೆಯಾಡಿಸಿದೆ.

"ನನ್ನನ್ನು ನೋಡಿ ಬರೆದದ್ದಾ?"

ಇಲ್ಲ ಎಂದು ಬರೆದೆ. ಹತ್ತು ವರ್ಷದಿಂದ ಇಲ್ಲಿಗೆ ಬರುತ್ತಿದ್ದೇನೆ, ಆದರೂ ಸರಿಯಾಗಿ ನೋಡಿರಲಿಲ್ಲ ಎಂದೂ ಬರೆದೆ.

"ನಾನು ನೋಡಿದ್ದೇನೆ. ನೀವು ಸಾದಾ. ಮೊದಲು ಚಟ್ನಿ ಮುಗಿಸುತ್ತೀರಿ. ಮತ್ತೆ ಫೋನು ಇಲ್ಲದೆ ಒಬ್ಬರೇ ಮಾತಾಡುತ್ತೀರಿ. ಯಾರೊಟ್ಟಿಗೆ ಜಗಳ?"

ನಾಳಿನ ಸಭೆಯಲ್ಲಿ ಹೇಳಬೇಕಾದ್ದನ್ನು ಬಾಯಿಪಾಠ ಮಾಡುವ ನನ್ನ ಚಾಳಿ ಅವರಿಗೆ ಗೊತ್ತಿತ್ತು. ಪ್ರಾಯಶಃ ಕಳೆದ ಕೆಲವು ವರ್ಷಗಳ ಮಹಾರಾಷ್ಟ್ರದ ಅಂಗವೈಕಲ್ಯ ನೀತಿಯೂ ಗೊತ್ತಿರಬೇಕು.

ದುಭಾಷಿ ಇಲ್ಲದೆ ಇಂಥ ಸಂಭಾಷಣೆ ನಡೆಸುವುದು ನಿಯಮಕ್ಕೆ ವಿರುದ್ಧ, ಆ ನಿಯಮವನ್ನೂ ನಾನೇ ಎಲ್ಲೋ ಬರೆದಿದ್ದೇನೆ. ಬುಧವಾರ ಒಬ್ಬ ಸಂಜ್ಞೆ ದುಭಾಷಿಯನ್ನು ಕರೆತರುತ್ತೇನೆ ಎಂದು ಬರೆದು ತೋರಿಸಿದೆ.

"ಬುಧವಾರದವರೆಗೆ ಈರುಳ್ಳಿ ನೀವು ಹೆಚ್ಚುತ್ತೀರಾ? ಈಗಲೇ ಕೇಳಿ."

ಕೇಳಿದೆ. ಚಿಂತೆ ಮರೆತು, ಕುತೂಹಲದಿಂದ ಕೇಳುತ್ತಲೇ ಹೋದೆ. ಆರ್ಡರು ಹೇಗೆ ಗೊತ್ತಾಗುತ್ತಿತ್ತು? ಅವರು ಪಕ್ಕದಲ್ಲಿದ್ದ ಸ್ಟೀಲ್ ತಟ್ಟೆ ಎಳೆದು ತೋರಿಸಿದರು. ತವಾದ ಪಕ್ಕದ ಕಲ್ಲಿನ ಮೇಲೆ ವೇಟರ್ ಬರೀ ತಟ್ಟೆ ಇಟ್ಟರೆ ಸಾದಾ. ತಟ್ಟೆಯಲ್ಲಿ ಬಟ್ಟಲು ಇಟ್ಟರೆ ಮಸಾಲೆ. ಬಟ್ಟಲು ಮಗುಚಿಟ್ಟರೆ ಜೈನ್, ಅಂದರೆ ಈರುಳ್ಳಿ ಆಲೂಗಡ್ಡೆ ಇಲ್ಲ. ಅಡ್ಡಲಾಗಿ ಚಮಚ ಇಟ್ಟರೆ ಪಾರ್ಸೆಲ್. ಯಾರು ಕಲಿಸಿದ್ದು? ಯಾರೂ ಅಲ್ಲ, ಹಾಗೇ ಆಯಿತು. ಬಿಹಾರ, ಒಡಿಶಾದಿಂದ ಬಂದ ಹೊಸ ವೇಟರುಗಳು ತುಳು ಕಲಿಯುವ ಮೊದಲೇ ತಟ್ಟೆ ಕಲಿಯುತ್ತಿದ್ದರಂತೆ. ತವಾ ಕಾದದ್ದು ಹೇಗೆ ಗೊತ್ತಾಗುತ್ತದೆ, ಚುಂಯ್ ಎಂಬ ಸದ್ದು ಕೇಳಿಸದಲ್ಲ? "ಸದ್ದು ಬರುತ್ತದಾ? ನನಗೆ ನೀರಿನ ಹನಿ ಓಡುವುದು ಕಾಣುತ್ತದೆ," ಎಂದು ಬರೆದರು.

ಕೊನೆಗೆ ಕೇಳಿದೆ: ಈ ಕೆಲಸದಲ್ಲಿ ಬಿಸಿ ಇಲ್ಲ, ನಿಂತಿರಬೇಕಾಗಿಲ್ಲ, ಪಗಾರವೂ ಅಷ್ಟೇ. ಊರಿಗೆ ಹೋಗುವಷ್ಟು ಬೇಸರ ಯಾಕೆ?

ಅವರು ಅರ್ಧ ಹೆಚ್ಚಿದ ಈರುಳ್ಳಿಯನ್ನು ಪಕ್ಕಕ್ಕೆ ಸರಿಸಿದರು. ನಂತರ ಹೀಗೆ ಬರೆದರು: "ಅಲ್ಲಿ ನಿಂತರೆ ಎಲ್ಲರ ಬಾಯಿ ಕಾಣುತ್ತದೆ. ಯಾರು ನಗುತ್ತಾರೆ, ಯಾರಿಗೆ ಹಸಿವು, ಯಾರ ಮದುವೆ ಮಾತು ನಡೆಯುತ್ತದೆ. ದಿನ ಇಡೀ ಮಾತು. ಇಲ್ಲಿ ಗೋಡೆ."

ಆ ಪುಸ್ತಕವನ್ನು ಕೈಯಲ್ಲಿ ಹಿಡಿದು ನಾನು ಗೋಡೆ ನೋಡಿದೆ. ಬಿಳಿ ಟೈಲ್ಸು. ಉದ್ಯೋಗವೆಂದರೆ ಘನತೆ, ಸಂಪಾದನೆ, ಸ್ವಾತಂತ್ರ್ಯ ಎಂದು ನಾನು ನೂರು ಸಲ ಪಾಠ ಮಾಡಿದ್ದೇನೆ. ಕೆಲಸದ ಜಾಗವೇ ಒಬ್ಬರಿಗೆ ಕಿವಿಯಾಗಬಹುದು ಎಂದು ಯಾವ ಪಾಠದಲ್ಲೂ ಹೇಳಿರಲಿಲ್ಲ.

ಊಟದ ಗಲಾಟೆ ಮುಗಿದ ಮೇಲೆ ಮೂರೂ ಜನ ಮೂಲೆಯ ಮೇಜಿಗೆ ಕೂತೆವು. ಧಣಿ ಗೋಡೆಯಿಂದ ಪುಟ ಇಳಿಸಿ ತಂದರು. ಮಾಸ್ಟರರಿಗೆ ಪೆನ್ನು ಕೊಟ್ಟು, ಬೇಡವಾದದ್ದನ್ನು ಹೊಡೆದುಹಾಕಿ ಎಂದೆ. ಲ್ಯಾಮಿನೇಟಿನ ಮೇಲೆ ಪೆನ್ನು ಜಾರಿತು. ಧಣಿ "ಇಂದಿನ ವಿಶೇಷ" ಬರೆಯುವ ಮಾರ್ಕರ್ ತಂದರು. ಮೂರನೇ ಅಂಶದ ಮೇಲೆ ಮಾಸ್ಟರ್ ಎರಡು ಸಲ ಗೆರೆ ಎಳೆದರು. ಧಣಿಯ ಹೆಬ್ಬೆರಳು ತಾಗಿ ಎರಡೂ ಅಳಿಸಿಹೋದವು. ನನ್ನ ವರದಿಗಳಲ್ಲಿ ಇಷ್ಟು ಗಟ್ಟಿಯಾದದ್ದು ಇನ್ನೊಂದಿಲ್ಲ. ಕಡೆಗೆ ಬಿಲ್ ಪುಸ್ತಕದ ಹಿಂದೆ ಹೊಸದಾಗಿ ಬರೆಯುವುದೆಂದಾಯಿತು.

ಬರೆದದ್ದು ಮಾಸ್ಟರ್. ನಾನು ನೋಡುತ್ತ ಕೂತೆ. ಆರ್ಡರು ತಟ್ಟೆಯಲ್ಲೇ. ಹಿಂದಿನಿಂದ ಯಾರೂ ಮುಟ್ಟಬಾರದು, ಎದುರು ಬರಬೇಕು. ಬಾಯಲ್ಲಿ ಗುಟ್ಕಾ ಇಟ್ಟುಕೊಂಡು ನನ್ನ ಹತ್ತಿರ ಮಾತಾಡಬಾರದು, ತುಟಿ ತಿಳಿಯುವುದಿಲ್ಲ. ಧಣಿ ಫೋನಿನಲ್ಲಿ ಮಾತಾಡುತ್ತ ನನಗೂ ಹೇಳಬಾರದು, ಯಾವುದು ನನಗೆ ಎಂದು ಗೊತ್ತಾಗುವುದಿಲ್ಲ.

"ಇದೆಲ್ಲ ಸರಿ," ಎಂದು ಧಣಿ ನನ್ನ ಕಡೆ ತಿರುಗಿದರು. "ನಾಳೆ ಇವನಿಗೆ ಏನಾದ್ರೂ ಆದ್ರೆ? ನೀವು ಪವಾಯಿಯಲ್ಲಿರ್ತೀರಿ. ಪೊಲೀಸರು ಬರುದು ಇಲ್ಲಿಗೆ."

ಏನಾದರೂ ಆದರೆ ಎಂಬುದು ನನ್ನದೇ ಕುಲಮಂತ್ರ. "ಅದನ್ನು ನನ್ನನ್ನಲ್ಲ, ಅವರನ್ನು ಕೇಳಿ," ಎಂದೆ, ಜಾರಿಕೊಳ್ಳಲೆಂದೇ ಹೇಳಿದ್ದು. ಅದು ಸರಿಯಾದ ಮಾತೂ ಆಗಿತ್ತು ಎಂಬುದು ಆಮೇಲೆ ತಿಳಿಯಿತು.

ಧಣಿ ಮೇಜಿನ ಮೇಲೆ ಮೆಲ್ಲಗೆ ಕುಟ್ಟಿದರು. ಮರ ಅದುರಿತೇನೋ, ಮಾಸ್ಟರ್ ತಲೆಯೆತ್ತಿದರು. ಎರಡು ವಾರಗಳ ನಂತರ ಇಬ್ಬರೂ ಎದುರುಬದುರು ನೋಡಿದರು.

"ನಿನಗೆ ಹೆದರಿಕೆ ಇಲ್ವಾ ಮಾರಾಯ?" ಧಣಿ ಒಂದೊಂದೇ ಪದ ಬಿಡಿಸಿ ಕೇಳಿದರು.

ಮಾಸ್ಟರ್ ಅಂಗಿಯ ತೋಳು ಮೇಲೆ ಸರಿಸಿದರು. ಮೊಣಕೈವರೆಗೆ ಹಳೆಯ ಸುಟ್ಟ ಗೆರೆಗಳು, ಕೆಲವು ಬೆಳ್ಳಗೆ, ಕೆಲವು ಕಂದು. ಆಮೇಲೆ ಗಾಜಿನ ಹಿಂದೆ ತೂಕಡಿಸುತ್ತಿದ್ದ ಹೊಸ ದೋಸೆಯವನನ್ನು ಕೈಬೀಸಿ ಕರೆದು ಅವನ ತೋಳನ್ನೂ ಸರಿಸಿದರು. ಎರಡೇ ವಾರಕ್ಕೆ ಮೂರು ಗೆರೆ. ಅವನಿಗೆ ಎರಡೂ ಕಿವಿ ಚೆನ್ನಾಗಿ ಕೇಳುತ್ತಿತ್ತು. "ಕ್ಯಾ ಹುವಾ?" ಎಂದು ಗಾಬರಿಯಲ್ಲಿ ನಮ್ಮನ್ನೆಲ್ಲ ನೋಡಿದ.

ಮಾಸ್ಟರ್ ಪುಸ್ತಕಕ್ಕೆ ಇನ್ನೊಂದು ಸಾಲು ಸೇರಿಸಿ ಧಣಿಯ ಮುಂದೆ ತಳ್ಳಿದರು. "ಹೆದರಿಕೆ ಉಂಟು. ಹಿಂದಿನಿಂದ ಬರುವ ಕೈಯದ್ದು ಮಾತ್ರ."

ಧಣಿ ಅದನ್ನು ಎರಡು ಸಲ ಓದಿದರು. ನಂತರ ನನ್ನ ಮುಂದಿಟ್ಟು, "ಸೈನ್ ಹಾಕಿ ಮೇಡಂ. ನಿಮ್ಮ ಹೆಸರು, ಡಿಗ್ರಿ, ಎಲ್ಲ," ಎಂದರು.

ಯಾವ ಸಮಿತಿಯಲ್ಲೂ ಓದದಷ್ಟು ಸಲ ಓದಿ ಸಹಿ ಹಾಕಿದೆ. ಕೆಳಗೆ "ಆದರೆ" ಎಂದು ಶುರುಮಾಡಿ ಒಂದು ಸಾಲು ಸೇರಿಸಲು ಪೆನ್ನು ತವಕಿಸಿತು. ಮಾಸ್ಟರ್ ನೋಡುತ್ತಿದ್ದರು. ಸೇರಿಸಲಿಲ್ಲ. ಅವರೂ ಸಹಿ ಹಾಕಬೇಕು, ಅವರದ್ದು ನನ್ನದಕ್ಕಿಂತ ಮೇಲಿರಬೇಕು ಎಂದಷ್ಟೇ ಹೇಳಿದೆ.

ನಾಲ್ಕರ ಹೊತ್ತಿಗೆ ಮಾಸ್ಟರ್ ಏಪ್ರನ್ ಕಟ್ಟಿ ಗಾಜಿನ ಹಿಂದೆ ನಿಂತರು. ತವಾದ ಮೇಲೆ ಅಂಗೈ ಗಾಳಿಯಲ್ಲಾಡಿಸಿ, ಮುಖ ಕಿವಿಚಿ, ಹೊಸಬನ ಕಡೆ ಒಂದು ನೋಟ ಬಿಟ್ಟರು. ಸಂಜ್ಞೆಯ ತರಗತಿಯಲ್ಲಿ ಕಲಿಸದಿದ್ದರೂ ಅದರ ಅರ್ಥ ನನಗಾಯಿತು. ಎರಡು ವಾರದಲ್ಲಿ ತವಾ ಕೆಟ್ಟಿತ್ತು. ಅರ್ಧ ಈರುಳ್ಳಿಯಿಂದ ಉಜ್ಜಿದರು, ಎಣ್ಣೆ ಸವರಿದರು, ಹಿಟ್ಟು ಹುಯ್ದರು. ಮೊದಲ ದೋಸೆ ಅಂಟಿ ಹರಿಯಿತು. ಎರಡನೆಯದೂ ಹರಿಯಿತು. ಧಣಿ ಗಲ್ಲಾದಿಂದ ನನ್ನನ್ನು ನೋಡಿದರು. ನಾನು ಗಾಜಿನ ಮುಂದೆಯೇ ನಿಂತು, ಸಹಿ ಹಾಕಿದ ಕೈಯನ್ನು ಸೆರಗಿಗೆ ಒರೆಸಿಕೊಳ್ಳುತ್ತ, ಹರಿದದ್ದನ್ನು ನನಗೇ ಕೊಡಿ, ನಾನು ತಿನ್ನುತ್ತೇನೆ ಎಂದು ಕೈಯಲ್ಲೂ ಬಾಯಲ್ಲೂ ಹೇಳುತ್ತಿದ್ದೆ.

ಮಾಸ್ಟರ್ ನನ್ನ ಕಡೆ ಸಟ್ಟುಗ ಎತ್ತಿ, ಪಕ್ಕಕ್ಕೆ ಬೀಸಿದರು. ಮತ್ತೆ ಬೀಸಿದರು. ನಾನು ಅವರ ಮತ್ತು ಹಾಲಿನ ನಡುವೆ ನಿಂತಿದ್ದೆ. ಸರಿದುಕೊಂಡೆ.

ಬಾಗಿಲ ಬಳಿಯ ಮೇಜಿನಲ್ಲಿ ಇಬ್ಬರು ಹೆಂಗಸರು ಯಾವುದೋ ವಿಷಯಕ್ಕೆ ಬಿದ್ದುಬಿದ್ದು ನಗುತ್ತಿದ್ದರು. ಮಾಸ್ಟರ್ ಅವರನ್ನೇ ನೋಡುತ್ತ ಮೂರನೆಯದಕ್ಕೆ ಹಿಟ್ಟು ಹುಯ್ದರು, ಮತ್ತು ತವಾದ ಕಡೆ ನೋಡದೆಯೇ ಸೌಟನ್ನು ತಿರುಗಿಸತೊಡಗಿದರು.